ನಲವತ್ತೊಂದನೆಯ ಬಾಣ

ವಿರಾಜಪೇಟೆಯಲ್ಲಿ ನಾನು ಬರೆಯುವುದು ಅಂಗಡಿಯ ಬೋರ್ಡು:
ಕೋಳಿ, ಕರಿಮೆಣಸು, ಟೈಲರ್, ಹಲ್ಲಿನ ಡಾಕ್ಟರು.
ಈ ಸಲ ಫಾರೆಸ್ಟಿನವರು ಬೆಟ್ಟಕ್ಕೇ ಬರೆ ಎಂದರು.
ಕಲ್ಲಿನ ಮೇಲೆ ಹಳದಿ ಬಾಣ,
ಒಂದಕ್ಕೆ ಇಪ್ಪತ್ತೈದು ರೂಪಾಯಿ,
ಬ್ರಷ್ಷು ನನ್ನದೇ.

ಕಕ್ಕಬ್ಬೆಯ ಮೇಲಿನ ಹಾಡಿಯಿಂದ ದಾರಿ ತೋರಲು ಬಂದವಳು
ಕುಡಿಯರ ದೇವಕ್ಕಿ.
ಕಾಲಿಗೆ ಚಪ್ಪಲಿಯಿಲ್ಲ, ಸೊಂಟದಲ್ಲಿ ಕತ್ತಿ,
ಸೆರಗಿನ ಗಂಟಿನಲ್ಲಿ ಜಿಗಣೆಗೆಂದು
ಸುಣ್ಣ ತಿಕ್ಕಿದ ಹೊಗೆಸೊಪ್ಪು.
ನನ್ನ ಹೊಸ ಬೂಟು ನೋಡಿ ಏನೂ ಅನ್ನಲಿಲ್ಲ.
ಅಷ್ಟೇ ಸಾಕಾಯಿತು.

ಹೊರಗೆ ತುಲಾ ತಿಂಗಳ ಎಳೆಬಿಸಿಲು;
ಕಾಡಿನೊಳಗೆ ಮಾತ್ರ ಇನ್ನೂ ಕಕ್ಕಡ.
ಎಲೆ ತೊಟ್ಟಿಕ್ಕುತ್ತದೆ, ಬೇರು ಜಾರುತ್ತದೆ,
ಬಂಡೆ ಒರೆಸಿ ಒಣಗಿಸಲು
ನನ್ನ ಲುಂಗಿ, ಟವೆಲು, ಕೊನೆಗೆ ಅಂಗಿಯೂ ಹೋಯಿತು.

ನಾನು ಬರೆದೆ: ವ್ಯೂ ಪಾಯಿಂಟ್, ಎರಡು ಕಿಲೋಮೀಟರು.
ಅವಳು ಹೇಳಿದಳು: ಇದು ಕಡವೆ ನೆಕ್ಕುವ ಕಲ್ಲು.
ನಾನು ಬರೆದೆ: ಎಚ್ಚರಿಕೆ, ಕಡಿದಾದ ಏರು.
ಅವಳು ಹೇಳಿದಳು: ಪೂಣಚ್ಚ ಉಸಿರು ಬಿಟ್ಟ ತಿರುವು.
‘ಅಯ್ಯೋ, ಇಲ್ಲೇ ತೀರಿಹೋದನಾ?’
‘ಎಂತ ಮಾರಾಯ! ಕೂತು ಉಸ್ಸೆಂದ, ಅಷ್ಟೆ.
ಸತ್ತದ್ದು ಮನೆಯಲ್ಲಿ, ಹಾಸಿಗೆ ಮೇಲೆ.’

ಬೈನೆ ಮರಗಳು ಮುಗಿದವು,
ಏಲಕ್ಕಿ ವಾಸನೆ ಮುಗಿಯಿತು,
ಕುಳ್ಳ ಮರಗಳ ಕೊನೆಯ ಗುಂಪಿನಿಂದ ತಲೆ ಹೊರಗಿಟ್ಟರೆ
ಬರೀ ಹುಲ್ಲು, ಬರೀ ಗಾಳಿ.
ಬಣ್ಣದ ಡಬ್ಬಿಯ ಮುಚ್ಚಳ ಹಾರಿ
ಕಣಿವೆಯ ಪಾಲಾಯಿತು.

ಕಣಿವೆ ಎಲ್ಲಿತ್ತು?
ಮಂಜು ತುಂಬಿ ತುಳುಕಿ ಊರು, ತೋಟ, ಅರಮನೆ, ರಸ್ತೆ
ಎಲ್ಲ ಮುಳುಗಿ ಬಿಳಿಯೊಂದೇ ತೇಲುತ್ತಿತ್ತು.
ದೂರದಲ್ಲಿ ಮೂರು ತಲೆ, ಮೂರು ದ್ವೀಪ.
ನಾವಿಬ್ಬರು ನಾಲ್ಕನೆಯದರ ದಂಡೆಯಲ್ಲಿ,
ಒಂದು ಕಟ್ಟು ಅಕ್ಕಿರೊಟ್ಟಿ, ಕಾಟುಮಾವಿನ ಉಪ್ಪಿನಕಾಯಿ.

ನಮ್ಮ ಚಿಕ್ಕಪ್ಪ ಕವರತ್ತಿಯಲ್ಲಿ
ದೋಣಿಗೆ ಹೆಸರು ಬರೆಯುತ್ತಿದ್ದ, ಎಂದೆ.
ಸುತ್ತ ನೀರು, ನಡುವೆ ತೆಂಗು,
ಕಾಲು ಚಾಚಿದರೆ ದ್ವೀಪ ಮುಗಿಯುತ್ತದೆ ಎನ್ನುತ್ತಿದ್ದ.
ದೇವಕ್ಕಿ ರೊಟ್ಟಿ ಮುರಿಯುತ್ತ ಯೋಚಿಸಿದಳು.
‘ಕಡಲಿಗೂ ಬಾಣ ಬರೀತಾರಾ?’
ಇಲ್ಲ ಎಂದೆ.
‘ಮತ್ತೆ ಅವರೆಲ್ಲ ಹೇಗೆ ಮನೆಗೆ ಬರ್ತಾರೆ?’
ನನಗೆ ತಿಳಿಯದು.
ಚಿಕ್ಕಪ್ಪ ಬರಲಿಲ್ಲ, ಅದನ್ನು ಹೇಳಲಿಲ್ಲ.

ಇಳಿಯುವಾಗ ಒಂದು ಕವಲು.
ಬರುವಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ,
ಅಷ್ಟು ಸಣ್ಣದು: ಎರಡು ಕುರುಂಜಿ ಪೊದೆ ನಡುವೆ
ಹುಲ್ಲು ಸ್ವಲ್ಪ ಬಾಗಿದ ಹಾಗೆ.
ಅಭ್ಯಾಸದ ಕೈ. ಕಲ್ಲು ಒರೆಸಿತು,
ಬಾಣ ಬರೆದೇಬಿಟ್ಟಿತು.

ದೇವಕ್ಕಿ ನಿಂತಳು.
ಬೈಯಲಿಲ್ಲ. ಕತ್ತಿಯ ಹಿಡಿಯಿಂದ ಮೂಗು ಕೆರೆದುಕೊಂಡಳು.
‘ಅಲ್ಲಿ ಜೇನುಬಂಡೆ ಉಂಟು. ನಮ್ಮವ್ವ
ಹೊಟ್ಟೆಯಲ್ಲಿ ನನ್ನ ಇಟ್ಟುಕೊಂಡು ನಡೆದ ದಾರಿ ಅದು.
ಅದಕ್ಕೆ ಹೆಸರೇ ಇಟ್ಟಿಲ್ಲ ನಾವು.’

ಬಣ್ಣ ಒರೆಸಲು ಹೋದೆ. ಎನಾಮಲ್, ಹಿಡಿದಿತ್ತು.
ಅವಳೇ ಕುಕ್ಕರಗಾಲಲ್ಲಿ ಕೂತು
ಕಲ್ಲಿನ ಬುಡಕ್ಕೆ ಬೆರಳು ಹಾಕಿದಳು, ನಾನೂ ಹಾಕಿದೆ.
ಒಂದು, ಎರಡು, ಮೂರನೆಯ ನೂಕಿಗೆ
ಅದು ಮಗ್ಗುಲಾಗಿ, ಮಗುಚಿ ಮಲಗಿತು.
ಹೊಟ್ಟೆಯ ಕಡೆ ತಣ್ಣನೆ ಕಪ್ಪು ಮಣ್ಣು,
ಬೆದರಿದ ಒಂದು ಬಿಳಿ ಏಡಿ.

ರೇಂಜರ್ ಸಾಹೇಬರು ಮರುವಾರ ಎಣಿಸಿ ಬಂದರು.
‘ಹಂಝ, ಬಿಲ್ಲಿನಲ್ಲಿ ನಲವತ್ತೊಂದು,
ಬೆಟ್ಟದಲ್ಲಿ ನಲವತ್ತು.’
ತಪ್ಪಾಯಿತು ಸಾರ್, ಎಂದೆ. ಇಪ್ಪತ್ತೈದು ಹೊಡೆದುಹಾಕಿದರು.

ಈಗ ಮೀನಿನಂಗಡಿಯ ಬೋರ್ಡು ಬರೆಯುತ್ತಿದ್ದೇನೆ.
ಬಂಗುಡೆಯ ಕಣ್ಣಿಗೆ ಹಳದಿ ಬೇಕಿತ್ತು;
ಆ ಡಬ್ಬಿಯ ತಳದಲ್ಲಿ ಇನ್ನೂ ಸ್ವಲ್ಪವಿದೆ,
ಮುಚ್ಚಳವಿಲ್ಲದೆ ಕೆನೆಗಟ್ಟಿದೆ.
ಬೆರಳಿನಿಂದ ಕೆನೆ ಒಡೆಯುವಾಗೆಲ್ಲ ನೆನಪಾಗುತ್ತದೆ,
ಅಲ್ಲೆಲ್ಲೋ ಮಣ್ಣಿನ ಕಡೆ ಮುಖ ಮಾಡಿ
ಏಡಿಗೊಂದಕ್ಕೆ ದಾರಿ ತೋರಿಸುತ್ತ
ಬಿದ್ದಿರುವುದು.