ತೇಪೆ, ತೆಪ್ಪ

ಭದ್ರಾ ಚಾನಲ್ಲಿಗೆ ನೀರು ಬಿಟ್ಟ ಮೂರನೇ ದಿನ
ಅಪ್ಪನ ಪಂಕ್ಚರ್ ಅಂಗಡಿಯಿಂದ
ನಾಲ್ಕು ಲಾರಿ ಟ್ಯೂಬು ಕದ್ದೆ.
ಕದ್ದೆ ಅಂದರೆ ತಪ್ಪು. ಅಪ್ಪ ನೋಡುತ್ತಲೇ ಇದ್ದ,
ಬೀಡಿ ಹಚ್ಚುವ ನೆವದಲ್ಲಿ ಆಚೆ ತಿರುಗಿದ.

ಬಿದಿರು, ಗೌಸಿಯಾಳ ಮನೆಯ ಬಿದ್ದ ಚಪ್ಪರದ್ದು.
ಹಗ್ಗ, ಅವಳ ಅಜ್ಜ ಮಿಲ್ಲಲ್ಲಿ ಹತ್ತಿ ಅಂಡಿಗೆಗೆ ಬಿಗಿಯುತ್ತಿದ್ದದ್ದು.
ಹುಟ್ಟು ಮಾತ್ರ ಎಲ್ಲೂ ಇಲ್ಲ.
ದೊಡ್ಡಾಸ್ಪತ್ರೆಯಲ್ಲಿ ದಿನಾ ಎಷ್ಟೊಂದು ಹುಟ್ಟು!
ನಮಗೆ ಬೇಕಾದ್ದು ಎರಡೇ.
ಕೊನೆಗೆ ಮಂಡಕ್ಕಿ ಭಟ್ಟಿಯವರು ಕೊಟ್ಟರು
ಭತ್ತ ಹರವುವ ಹಲಗೆ ಒಂದು ಜೊತೆ,
ಸಂಜೆಯೊಳಗೆ ಒಣಗಿಸಿ ತರಬೇಕೆಂಬ ಕರಾರಿನ ಮೇಲೆ.

ಕೂತೆವು.
ಊರು ಎದ್ದು ಮೇಲೆ ಹೋಯಿತು.

ಸೇತುವೆಗೆ ಹೊಟ್ಟೆ ಇರುವುದು ಗೊತ್ತಾದದ್ದೇ ಅವತ್ತು.
ಮೇಲೆ ಹರಿಹರದ ಬಸ್ಸು ಹಾದರೆ
ಕೆಳಗೆ ನಮ್ಮ ಹಲ್ಲು ಕಟಕಟ.
ಮನೆಗಳೆಲ್ಲ ನಮಗೆ ಬೆನ್ನು ಕೊಟ್ಟು ನಿಂತಿದ್ದವು,
ಬಣ್ಣ ಕಾಣದ ಇಟ್ಟಿಗೆ, ಕಿಟಕಿಗೆ ಸಿಕ್ಕಿಸಿದ ಒಡೆದ ಕನ್ನಡಿ.
ಅಲ್ಲೊಬ್ಬರು ಲುಂಗಿಯಲ್ಲಿ, ಬಾಯ್ತುಂಬ ನೊರೆ:
ನಮ್ಮ ಗಣಿತದ ಮೇಷ್ಟ್ರು!
ಬೈಯಲಾಗದೆ
ಬ್ರಷ್ಷು ಹಿಡಿದ ಕೈಯನ್ನೇ ಎತ್ತಿದರು.

ಕಲ್ಲಿನ ಮೇಲೆ ದುಪ್ಪಡಿ ಕುಕ್ಕುತ್ತಿದ್ದ ತಿಪ್ಪಕ್ಕ ಕೂಗಿದಳು:
‘ಎಲ್ಲಿಗ್ ಹೊಂಟ್ರೇ ಹುಡ್ಗೇರಾ?’
‘ಸಮುದ್ರುಕ್ಕೆ’ ಅಂದಳು ಗೌಸಿಯಾ.
‘ಬರೋವಾಗ ಉಪ್ಪು ತಗಂಬರ್ರೇ!’

ಎರಡನೇ ಸೇತುವೆ ದಾಟುವಾಗ
ನನ್ನ ತೊಡೆಯ ಕೆಳಗೆ ಯಾರೋ ಪಿಸುಗುಟ್ಟಿದ ಹಾಗಾಯಿತು.

ಅಂಗಡಿಯಲ್ಲಾದರೆ ತಗಡಿನ ಬೋಗುಣಿ,
ಟ್ಯೂಬನ್ನು ಅದ್ದಿ, ತಿರುಗಿಸಿ, ಗುಳ್ಳೆಗೆ ಕಾಯುವುದು.
ಇಲ್ಲಿ ಭದ್ರೆಯೇ ಬೋಗುಣಿ,
ಅದರೊಳಗೆ ಅದ್ದಿದ್ದು ನಮ್ಮನ್ನೇ.
ತೂತು ಸಿಕ್ಕಿತು. ಹೆಬ್ಬೆರಳು ಒತ್ತಿ ಹಿಡಿದೆ.
ಒಂದು ಕೈಯಲ್ಲಿ ಹಲಗೆ,
ಇನ್ನೊಂದರಲ್ಲಿ ಅಪ್ಪ ಬಾಯಿ ಕಟ್ಟಿ ತುಂಬಿದ್ದ ಗಾಳಿ.
ಗೌಸಿಯಾ ಒಬ್ಬಳೇ ನಗುತ್ತಿದ್ದಳು, ಯಾಕೋ.

ತೂಬಿಗೆ ಇನ್ನೂರು ಮಾರು ಇರುವಾಗ ಸೀಟಿ.
ನೀರಗಂಟಿ ಕರಿಬಸಪ್ಪ ಉದ್ದ ಗಳ ಚಾಚಿ
ನಮ್ಮನ್ನು ದಡಕ್ಕೆಳೆದು, ಉಸಿರು ಹಿಡಿದು, ಅಂದದ್ದು ಇಷ್ಟು:
‘ಕೊನೇಭಾಗುಕ್ಕೆ ಹೋಗ್ಬೇಕಾದ್ದು ನೀರು ಕಣ್ರವ್ವ,
ನೀವಲ್ಲ.’

ರಾತ್ರಿ ಅಪ್ಪ ಏನೂ ಕೇಳಲಿಲ್ಲ.
ಟ್ಯೂಬು ಅದ್ದಿದ. ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದ ಗುರುತು.
ಉಜ್ಜಿದ, ಅಂಟು ಸವರಿದ, ಆರಲಿಕ್ಕೆ ಬಿಟ್ಟ.
ತೇಪೆ ಹಾಕಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ,
ನನ್ನ ಮುಖ ನೋಡದೆ,
‘ಮುಂದಿನ್ ಸರದಿ ನೀರು
ಯಾವತ್ತಂತೆ?’

ಭಟ್ಟಿಯ ಹಲಗೆಗಳು ಗೋಡೆಗೆ ಒರಗಿ
ಇನ್ನೂ ತೊಟ್ಟಿಕ್ಕುತ್ತಿದ್ದವು.