ಕೈತಡೆ ಇಲ್ಲದ ಕತ್ತಿ

ಹಡಗಿನಿಂದ ಇಳಿದು ಬಂದ ವಾರ ಲಿಗೋರಿ
ಬೆಂಗ್ರೆಯ ನಮ್ಮ ಜಗಲಿಯಲ್ಲಿ ಎರಡು ಕತ್ತಿ ಇಟ್ಟ.
ಕೈಯಿಂದ ಕೈಗೆ ಕೊಡಲಿಲ್ಲ. ಕೊಟ್ಟರೆ ಜಗಳ ಹುಟ್ಟುತ್ತದೆಂದು
ಅವನ ಅಜ್ಜಿಯೂ ಹೇಳಿದ್ದಳು, ನನ್ನ ಅಜ್ಜಿಯೂ.
ನೆಲದಲ್ಲಿಟ್ಟು, "ಒಂದು ನಿನಗೆ, ಆರಿಸು" ಎಂದ.

ಫಿನ್ಲೆಂಡಿನ ಕತ್ತಿ. ಮರ ತುಂಬಲು ನಿಂತ ಬಂದರಿನಲ್ಲಿ
ಮುದುಕನೊಬ್ಬ ಹಿಮದಲ್ಲಿ ಕೂತು ಮಾರುತ್ತಿದ್ದನಂತೆ.
ಪೂಕ್ಕೊ ಅಂತ ಹೆಸರು.
ಹೆಸರು ಕೇಳಿ ಅದ್ರಾಮ ಬೀಡಿಯ ಹೊಗೆ ನುಂಗಿ ಕೆಮ್ಮಿದ,
ಒಳಗೆ ಗುಲಾಬಿ ಪಾತ್ರೆಯ ಸದ್ದು ಜೋರು ಮಾಡಿದಳು.

ಒಂದು ತುಕ್ಕು ಹಿಡಿಯದ ಉಕ್ಕು, ರಬ್ಬರಿನ ಹಿಡಿ,
ಆಸ್ಪತ್ರೆಯ ಹಾಗೆ ಹೊಳೆಯುತ್ತಿತ್ತು.
ಇನ್ನೊಂದು ಮಂಕು. ಅಲ್ಲಿಯ ಭೂರ್ಜದ ತೊಗಟೆಯನ್ನು
ಬಿಲ್ಲೆ ಬಿಲ್ಲೆ ಪೋಣಿಸಿ ಒತ್ತಿದ ಹಿಡಿ,
ಪತ್ರೊಡೆ ಕೊಯ್ದಾಗ ಕಾಣುವ ಪದರಗಳು.

"ಉಪ್ಪುಗಾಳಿಯ ಊರು, ಹೊಳೆಯುವುದನ್ನೇ ತಗೋ"
ಎಂದ ಅದ್ರಾಮ. ಸರಿಯಾದ ಮಾತು.
ನಾನು ಎರಡನ್ನೂ ಹಿಡಿದು ನೋಡಿದೆ, ಎಡಗೈಯಲ್ಲಿ.
ಮೇಸ್ತ್ರಿ ಬಡಿದು ಬಡಿದು ಬಲಗೈಗೆ ಹಾಕಿದ ಬಾಚಿ
ನಲವತ್ತು ವರ್ಷವಾದರೂ ನನಗೆ ಬರೇ ನೆಂಟ.
ತೊಗಟೆಯ ಹಿಡಿ ಯಾವ ಕೈ ಎಂದು ಕೇಳಲಿಲ್ಲ.
ಬೆವರಿಗೆ ಜಾರಲಿಲ್ಲ. ಈಗಷ್ಟೇ ಯಾರೋ
ಹಿಡಿದು ಬಿಟ್ಟಷ್ಟು ಬೆಚ್ಚಗಿತ್ತು.

ಅಲಗು ನನ್ನ ಅಂಗೈಯಗಲ, ಅಷ್ಟೇ.
ಬೆನ್ನು ನೆಟ್ಟಗೆ. ಮಡಚುವುದಿಲ್ಲ.
ಹಿಡಿಗೂ ಅಲಗಿಗೂ ನಡುವೆ ಕೈತಡೆ ಇಲ್ಲ.
ಎಲ್ಲಿ ನಿಲ್ಲಬೇಕೆಂದು
ಬೆರಳಿಗೇ ಗೊತ್ತಿರಬೇಕು.
ಇದನ್ನೇ ಎಂದೆ.

ಒದ್ದೆಯಾಗಿಯೇ ಒರೆಗೆ ಹಾಕಿದ ತಪ್ಪಿಗೆ
ಜೂನಿನ ಒಂದು ರಾತ್ರಿ ಸಾಕಾಯಿತು:
ಅಲಗಿನಲ್ಲಿ ಹುಣಸೆಬೀಜದಷ್ಟು ಕೆಂಪು.
ಹುಳಿ, ಬೂದಿ ಹಾಕಿ ತಿಕ್ಕಿದೆ.
ಕಲೆ ಹೋಯಿತು, ಅದರ ನೆರಳು ಉಳಿಯಿತು.
ಈಗ ಸಂಜೆ ಒರಸಿ, ತೆಂಗಿನೆಣ್ಣೆ ಹಚ್ಚಿ
ಒರೆಯ ಹೊರಗೇ ಮಲಗಿಸುತ್ತೇನೆ.
"ನನ್ನ ತಲೆಗಿಲ್ಲದ ಎಣ್ಣೆ" ಎನ್ನುತ್ತಾಳೆ ಗುಲಾಬಿ.

ಮಸೆಯುವುದು ಸುಲಭ. ಎಷ್ಟು ಓರೆ ಎಂದು ಅಳೆಯಬೇಕಿಲ್ಲ,
ಇಳಿತದಲ್ಲಿ ದೋಣಿ ಮರಳಿಗೆ ಕೂತ ಹಾಗೆ
ಅಲಗಿನ ಇಳಿಜಾರು ತಾನೇ ಕಲ್ಲಿಗೆ ಕೂರುತ್ತದೆ.
ಬೆನ್ನಿಗೆ ಹೆಬ್ಬೆರಳು ಒತ್ತಿ ನೂಕಿದರೆ
ಹೆಬ್ಬಲಸೂ ಸುರುಳಿ ಸುರುಳಿ ಬಿಡುತ್ತದೆ.
ಬೆಣೆ ಕೆತ್ತಿದೆ. ಬಲೆಯ ನೂಲು ಕೊಯ್ದೆ.
ಹಲಗೆಯ ಸಂದಿಯಿಂದ ಕೊಳೆತ ಹತ್ತಿ ಕಿತ್ತೆ.

ಮೆಟ್ಟುಕತ್ತಿಯ ಮಣೆ ಸೀಳಿದ ದಿನ
ಗುಲಾಬಿ ಇದರಲ್ಲಿ ಎರಡು ಬಂಗುಡೆ ಕೊಯ್ದಳು.
ಮೂರನೆಯದಕ್ಕೆ ಕೆಳಗಿಟ್ಟಳು.
"ನಮ್ಮದು ಕೂತಲ್ಲೇ ಇರುತ್ತದೆ, ಮೀನು ಅದರ ಹತ್ತಿರ ಹೋಗುತ್ತದೆ.
ಇದು ತಾನೇ ಮೀನಿನ ಹತ್ತಿರ ಹೋಗುತ್ತದೆ.
ಅಷ್ಟು ಮುಂದೆ ಬೀಳುವುದು ನನಗಾಗದು."
ನಾನು ಸೀಳಿದ ಮಣೆ ಸರಿ ಮಾಡಲು ಕೂತೆ,
ಇದೇ ಕತ್ತಿಯಿಂದ.

ಮೀಟಬೇಡ, ಎಂದಿದ್ದ ಲಿಗೋರಿ. ಕೊಯ್ಯಲಿಕ್ಕೆ ಮಾತ್ರ.
ಆದರೆ ಮೋನಪ್ಪ ಸಾಲಿಯಾನರ ದೋಣಿ
ಮರುದಿನ ನೀರಿಗಿಳಿಯಬೇಕಿತ್ತು,
ಹಳೇ ತಾಮ್ರದ ಮೊಳೆಯೊಂದು ತಲೆ ಕೊಡದೆ ಕೂತಿತ್ತು,
ಇಕ್ಕುಳ ತರಲು ಹೋದ ಅದ್ರಾಮ
ಚಾ ಕುಡಿಯುತ್ತಿದ್ದ.
ಟಿಕ್ ಎಂದಿತು, ಅಷ್ಟೇ.
ಅಕ್ಕಿಕಾಳಿನಷ್ಟು ತುದಿ ಹಲಗೆಯೊಳಗೆ.

ಯಾರಿಗೂ ಹೇಳಲಿಲ್ಲ. ಹತ್ತಿ ತುಂಬಿ, ಬಣ್ಣ ಬಳಿದೆ.
ಮೂರು ಸಂಜೆ ಕಲ್ಲಿಗೆ ಉಜ್ಜಿ ಹೊಸ ತುದಿ ತೆಗೆದೆ,
ಸ್ವಲ್ಪ ಮೊಂಡು ಮೂಗು, ನನ್ನದರ ಹಾಗೆಯೇ.

ಮೊನ್ನೆ ಯಾವುದೋ ಬಂದರಿನಿಂದ ಲಿಗೋರಿಯ ಫೋನು:
"ಕತ್ತಿ ಹೇಗಿದೆ?"
ಅಳಿವೆಯ ಬಾಯಲ್ಲಿ ಸಾಲಿಯಾನರ ದೋಣಿ
ಅಲೆ ಹತ್ತಿ ಇಳಿಯುವುದು ಕಾಣುತ್ತಿತ್ತು.
"ಸ್ವಲ್ಪ ಸಮುದ್ರಕ್ಕೆ ಹೋಗಿದೆ," ಎಂದೆ,
"ಉಳಿದದ್ದು ಇಲ್ಲೇ ಇದೆ."