ಒತ್ತಿ ಹಿಡಿದ್ರ ದೊಡ್ಡಕ್ಷರ

ಭಾಗ್ಯನಗರದ ಕೂದಲ ಗೋಡೌನಿನ್ಯಾಗ
ನಾವು ಹನ್ನೊಂದು ಮಂದಿ.
ಬಾಚಣಿಕಿಗೆ ಸಿಕ್ಕಿದ್ದು, ಬಚ್ಚಲಕ್ಕ ಉದುರಿದ್ದು,
ಪಿನ್ನು ಪಾತ್ರಿಗೆ ಬದಲಾಗಿ ಊರೂರು ತಿರುಗಿ ಬಂದದ್ದು,
ಎಲ್ಲಾದರ ಗಂಟು ಬಿಡಿಸಿ, ಉದ್ದ ನೋಡಿ, ಕಟ್ಟು ಕಟ್ಟತಿದ್ವಿ:
ಎಂಟಿಂಚು, ಹತ್ತಿಂಚು, ಹದಿನಾಲ್ಕು.
ಇಪ್ಪತ್ತು ದಾಟಿದ್ದು ಸಿಕ್ಕ ದಿನ
ಯಾರದಿತ್ತೋ ಪಾಪ, ಅನ್ನಾಕಿ ಒಬ್ಬಾಕಿ.
ಏನರ ನಸೀಬು, ಅನ್ನಾಕಿ ಇನ್ನೊಬ್ಬಾಕಿ.

ಆ ವರ್ಷ ಅದು ಬಂತು, ಚೆನ್ನೈ ಏಜೆಂಟನ ಕೈಯಿಂದ
ತುಳಜಾಸಾ ಸಾವ್ಕಾರರ ಸೊಂಟಕ್ಕ.
ಹೆಸರು ಯಾವುದೋ ಕರೀ ಹಣ್ಣಿಂದು.
ನಾವು ನೇರಳೆ ಅಂದ್ವಿ, ಮುಗೀತು.
ಚೀಲದಾಗ ಇಟ್ಟರ ನಿದ್ದಿ, ಹಿರಿದ್ರ ಎಚ್ಚರ.
ಚೀಲಕ್ಕ ಅಯಸ್ಕಾಂತ ಹೊಲದಾರಂತ.
ದಿನಕ್ಕ ಹತ್ತು ಸಲ ಹಿರಿದು ತೋರಸವರು,
ಮದಲಿಂಗ ಕಟಾರಿ ತೋರಿಸಿದಂಗ.

ಓದಾಕ ಮಾತ್ರ ನನ್ನ ಕರೆಯವರು.
ಪಿಯುಸಿ ಇಂಗ್ಲಿಷಿನ್ಯಾಗ ನಂದು ಮೂವತ್ತೇಳು,
ಆ ಗೋಡೌನಿಗೆ ಅದೇ ಭಾಳಾತು.

ಬಲಗಡೆ ಅಂಚಿಗೊಂದು ಪುಟ್ಟ ಗಾಲಿ.
ಹೆಬ್ಬೆರಳಿಲೆ ತಿರುವಿದ್ರ ಪತ್ರ ಮ್ಯಾಲೇರತೈತಿ,
ಒಳಕ್ಕ ಒತ್ತಿದ್ರ ಬಾಗಲಾ ತೆಗೀತೈತಿ.
ನಾನು ಎಡಚಿ.
ಅವ್ವ ಬಡಿದು ಬಡಿದು ಊಟಕ್ಕಷ್ಟೇ ಬಲಗೈ ಕಲಿಸಿದ್ಲು.
ಗಾಲಿ ಬಡೀಲಾರದ ಕಲಿಸಿತು.

ಅಂಚಿ ಆಫೀಸಿಗೆ ಹೋಗಿ ಕೇಳೂದಿಲ್ಲ, ಪತ್ರ ತಾನ ಬರೂದು.
ಚೀನಾದಾಗ ಹೊತ್ತು ಮೂಡೂದು ನಮ್ಮ ಕೋಳಿಗಿಂತ ಮೊದಲ.
ಹಲಗಿ ಮ್ಯಾಲ ಗುರ್ ಅಂತ ಹೊಳ್ಳಾಡಿ
ತುದಿಗೊಂದು ಕೆಂಪು ದೀಪ ಮಿಣುಕೂದು.
ಓದೂ ತನಕ ಎದ್ದು ಹೋಗೂದಿಲ್ಲ ಅದು,
ಕೊಟ್ಟ ರೊಕ್ಕ ಕೇಳಾಕ ಬಂದಾಂವ ಕಟ್ಟಿಮ್ಯಾಲ ಕುಂತಂಗ.

ಉದ್ದನ್ನ ಪತ್ರ ಒಮ್ಮೆಲೆ ಇಳಿಯೂದಿಲ್ಲ.
ಒಂದು ತುತ್ತು ಬಂದು ನಿಂತು, ಇನ್ನಷ್ಟು ಬೇಕೇನು ಅಂತೈತಿ.
'ನಿಮ್ಮ ಮಾಲು ತಗೊಳ್ಳಾಕ ಆಗೂದಿಲ್ಲ'
ಅಂತ ಓದಿ ಹೇಳಿದೆ. ಸಾವ್ಕಾರರು ಗ್ವಾಡಿಗೆ ಆತು ಕುಂತರು.
ನೀರು ಕುಡಿಸಿ, ಇನ್ನಷ್ಟು ಒತ್ತಿದೆ:
'ಮಂಗಳವಾರದ ತನಕ.'

ಕನ್ನಡ ಅದಕ್ಕ ಬರತಿರಲಿಲ್ಲ.
ಗದಗಿನ ಅಳಿಯ ಕಂಪ್ಯೂಟರದಾಗ ಕುಟ್ಟಿ ಕಳಿಸಿದ್ದು
ಇಲ್ಲಿ ಬಂದು ಡಬ್ಬಿ, ಡಬ್ಬಿ, ಡಬ್ಬಿ.
ಸಾಲಾಗಿ ಇಟ್ಟ ಖಾಲಿ ಡಬ್ಬಿ.
'ಏನಂದಾನ?'
'ಎಲ್ಲಾರೂ ಆರಾಮ ಅದಾರಂತ್ರಿ.'

ಕೀಲಿಗಳು ಕಡ್ಲಿಕಾಳಿನಷ್ಟು, ಎರಡು ಹೆಬ್ಬೆರಳೇ ಸಾಕು.
ಖಾಲಿ ಕೀಲಿ ಎರಡು ಸಲ ಒತ್ತಿದ್ರ ತಾನ ಚುಕ್ಕಿ ಬೀಳತೈತಿ,
ಎರಡು ಖಾಲಿ ಅಂದ್ರ ಮಾತು ಮುಗೀತು ಅಂತ ಅದರ ಲೆಕ್ಕ.
ನಾನೂ ನನ್ನ ಗಂಡನೂ ಎಷ್ಟು ಖಾಲಿ ಒತ್ತಿದ್ವೋ,
ಚುಕ್ಕಿ ಬೀಳಲಿಲ್ಲ.
ಅಕ್ಷರ ಒತ್ತಿ ಹಿಡಿದ್ರ ದೊಡ್ಡದಾಗತೈತಿ.
ಸುಮ್ಮನ ಬೆರಳು ಎತ್ತಬಾರದು, ಅಷ್ಟೇ.

ಎಲ್ಲಾ ಪತ್ರದ ಕೆಳಗ ಸಾವ್ಕಾರರ ಹೆಸರು ತಾನ ಬರತಿತ್ತು.
ಒಂದು ದಿನ ಅವರು ಬ್ಯಾಂಕಿಗೆ ಹೋಗಿ
ನೇರಳೆ ಮೇಜಿನ ಮ್ಯಾಲ ಉಳೀತು.
ಇಂಗ್ಲಿಷಿನ್ಯಾಗ ಕೇಳಿದೆ, ಮೂವತ್ತೇಳು ಮಾರ್ಕಿನಷ್ಟು:
ಹೋದ ತಿಂಗಳ ಇಪ್ಪತ್ತೆರಡಿಂಚಿಂದು,
ಕೆಂಪು ದಾರ ಕಟ್ಟಿದ್ದು ಒಂದ ಕಟ್ಟು,
ಅದು ಯಾರ ತೆಲಿಮ್ಯಾಲ ಹೋತು?
ಕೆಳಗಿನ ಹೆಸರು ಅಳಿಸಿ
ಮೊದಲಕ್ಷರ ಒತ್ತಿ ಹಿಡಿದೆ, ದೊಡ್ಡದಾಗೂ ಮಟ.
ಹುಲಿಗೆವ್ವ.

ಪಕ್ಕಕ್ಕೊಂದು ಗಡಿಯಾರ ಬಿತ್ತು, ಸಿಗ್ನಲ್ ಇಲ್ಲ.
ಏಣಿ ಹತ್ತಿದೆ, ತಗಡಿನ ಮ್ಯಾಲ.
ಕಾಯ್ದ ತಗಡಿಗೆ ಅಂಗಾಲು ಚುರುಗುಟ್ಟಿ
ಕೈ ಮ್ಯಾಲೆತ್ತಿ ನಿಂತೆ, ಗವಿಮಠದ ಗುಡ್ಡದ ಕಡೆ.
ಗಡಿಯಾರ ಹೋಗಿ ಸರಿ ಗುರುತು ಬಂತು.

ಐದು ದಿನಕ್ಕ ಉತ್ತರ:
'ಮಾನ್ಯ ಶ್ರೀಮಾನ್ ಹುಲಿಗೆವ್ವ ಅವರಿಗೆ,
ನಮಗೆ ಗೊತ್ತಿಲ್ಲ. ನಲವತ್ತು ಕಿಲೋ ಖಾತ್ರಿ ಮಾಡಿರಿ.'

ಸಾವ್ಕಾರರು ಎದುರಿಗೇ ಇದ್ರು, ಎಲಿ ಹಾಕ್ಕೋತ.
'ಏನಂತ?'
ಗಾಲಿ ಮ್ಯಾಲಕ್ಕ ಕೆಳಕ್ಕ ತಿರುವಿದೆ,
ಶ್ರೀಮಾನ್ ಅನ್ನೂದರ ಮ್ಯಾಲ ಒಂದೀಟು ನಿಂತೆ.
'ನಲವತ್ತು ಕಿಲೋ ಅಂತ್ರಿ.'
ಕೆಂಪು ದೀಪ ಆರಿತ್ತು.